ಫೋನ್ ಎತ್ತಿದವನು

ಆಫೀಸಿನಲ್ಲಿ ನಾನು ಯಾವಾಗಲೂ ಸತ್ತವರ ಕಡೆಯವಳು. ಯಾವುದಾದರೂ ಕಂಪನಿಯ ಹೆಸರು ಕೆಟ್ಟರೆ ಅದರ ಮಾಲೀಕ ನಮ್ಮಲ್ಲಿಗೆ ಓಡಿ ಬರುತ್ತಾನೆ. ಅವನನ್ನು ಪತ್ರಿಕಾಗೋಷ್ಠಿಗೆ ತಯಾರು ಮಾಡುವುದು ನಮ್ಮ ಕಸುಬು. ಹಿಂದಿನ ಕೋಣೆಯಲ್ಲಿ ಒಂದು ಉದ್ದ ಮೇಜು. ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು. ನಾನು ತಾಯಿಯಾಗುತ್ತೇನೆ, ಹೆಂಡತಿಯಾಗುತ್ತೇನೆ, ಒಮ್ಮೆ ಕೆಟ್ಟ ಔಷಧಿ ಕುಡಿದ ಮಗುವಿನ ಅಜ್ಜಿಯೂ ಆಗಿದ್ದೆ. ಮೇಜು ಗುದ್ದುತ್ತೇನೆ, ಬಾಯಿಗೆ ಬಂದಂತೆ ಬೈಯುತ್ತೇನೆ, ನಡುವೆ ನೀರು ಕುಡಿದು ಮತ್ತೆ ಶುರು ಮಾಡುತ್ತೇನೆ. ನನ್ನಿಂದ ಮೂರು ತಾಸು ಬೈಸಿಕೊಂಡವನು ಮಾರನೆಯ ದಿನ ನಿಜವಾದ ತಾಯಿಯ ಎದುರು ಬೆವರುವುದಿಲ್ಲ.

ನಮ್ಮ ಯಜಮಾನರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಒಂದು ದಿನವೂ ಪಾಠ ಹೇಳಿದವರಲ್ಲ, ಇಪ್ಪತ್ತು ವರ್ಷ ಪತ್ರಿಕೆಯಲ್ಲಿದ್ದು ಆಮೇಲೆ ಈ ಕಡೆಗೆ ದಾಟಿದವರು. ಕಂಪನಿಗಳು ಎಲ್ಲೆಲ್ಲಿ ಎಡವುತ್ತವೆ ಎಂಬುದು ಅವರಿಗೆ ಬಾಯಿಪಾಠ. ಮೂರು ದಿನ ಬಾಯಿ ಮುಚ್ಚಿಕೊಂಡಿರುವುದು ತಪ್ಪು. ಸತ್ತವನನ್ನು ದೂರುವುದು ಅದಕ್ಕಿಂತ ದೊಡ್ಡ ತಪ್ಪು. ಮನೆಯವರನ್ನು ಬಾಗಿಲಲ್ಲಿ ತಡೆದರೆ ಕತೆ ಮುಗಿಯಿತು, ಅವರಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಬೇಕು. ಕೆಟ್ಟ ಸುದ್ದಿ ಇದ್ದರೆ ಬೇರೆಯವರ ಬಾಯಿಂದ ಬರುವ ಮೊದಲು ನಮ್ಮ ಬಾಯಿಂದಲೇ ಬರಬೇಕು.

ಈ ಸಲ ಬಂದವನು ಲಿಫ್ಟ್ ಕಂಪನಿಯ ಮಾಲೀಕ. ಬಟ್ಟೆ ಅಂಗಡಿಯೊಂದರಲ್ಲಿ ಅವನ ಲಿಫ್ಟ್ ಮೇಲಿನ ಮಹಡಿಯಿಂದ ಕಳಚಿ ಬಿದ್ದಿತ್ತು. ಒಳಗಿದ್ದವನು ಒಬ್ಬನೇ, ಅಂಗಡಿಯ ದರ್ಜಿ. ಮದುವೆಯಾಗಿರಲಿಲ್ಲ, ಅಕ್ಕನ ಜೊತೆ ಇದ್ದ.

"ಹೋಗಿ ಆಕೆ ಹತ್ರ ಮಾತಾಡ್ಕೊಂಡು ಬಾ," ಅಂದರು ಮೇಷ್ಟ್ರು. "ಏನೇನು ಕೇಳ್ತಾಳೆ ಅಂತ ತಿಳ್ಕೋ. ಆದ್ರೆ ನೀನು ಯಾರು ಅಂತ ಸುಳ್ಳು ಹೇಳ್ಬೇಡ. ಸಿಕ್ಕಿಹಾಕ್ಕೊಂಡ್ರೆ ಅದೇ ಹೆಡ್‌ಲೈನು."

ನಾನು ಸುಳ್ಳು ಹೇಳಲಿಲ್ಲ.

"ಲಿಫ್ಟ್ ಕಂಪನಿ ಕಡೆಯಿಂದ ಬಂದಿದ್ದೀನಿ ಅಕ್ಕ. ನಿಮ್ಮ ಮಾತು ಕೇಳಿಸ್ಕೊಳ್ಳೋಕೆ."

"ಕೇಳಿಸ್ಕೊಂಡು?"

"ಅವರಿಗೆ ಹೇಳೋಕೆ."

"ಯಾಕೆ, ಅವರಿಗೆ ಕಿವಿ ಇಲ್ವಾ?" ಅಂದಳು. ಅಂದರೂ ಮಣೆಯ ಮೇಲಿದ್ದ ಬಟ್ಟೆ ಸರಿಸಿ ನನಗೆ ಜಾಗ ಮಾಡಿಕೊಟ್ಟಳು.

ಒಂದೇ ಕೋಣೆಯ ಮನೆ. ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಅವಳು ಶರ್ಟಿಗೆ ಗುಂಡಿ ಹಾಕುತ್ತಿದ್ದಳು. ಪಕ್ಕದಲ್ಲಿ ಇನ್ನೂ ಏಳೆಂಟು ಶರ್ಟು. ತಮ್ಮ ಒಪ್ಪಿಕೊಂಡಿದ್ದ ಕೆಲಸವಂತೆ. "ಯಾರದ್ದೋ ಏನೋ. ಅವರು ಹಾಕ್ಕೋಬೇಕಲ್ಲ," ಅಂದಳು. ನನ್ನ ಪಟ್ಟಿಯಲ್ಲಿದ್ದ ಪ್ರಶ್ನೆಗಳನ್ನೆಲ್ಲ ನಾನೇ ಒಂದೊಂದಾಗಿ ಅವಳ ಬಾಯಿಗೆ ಹಾಕಿ ನೋಡಿದೆ. ಪರಿಹಾರ ಎಷ್ಟು? ಲಿಫ್ಟನ್ನು ಕೊನೆಯ ಸಲ ನೋಡಿದ್ದು ಯಾವಾಗ? ಅವಳು ಹೂಂ ಅನ್ನುತ್ತಿದ್ದಳು, ದಾರ ಕಚ್ಚಿ ಹರಿಯುತ್ತಿದ್ದಳು. ಆಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ಸೋಮವಾರ ಮಧ್ಯಾಹ್ನ ಊಟಕ್ಕೆ ಬಂದಿದ್ದ. ತಟ್ಟೆ ಮುಂದೆ ಕೂತ್ಕೊಂಡೇ ನಿಮ್ಮ ಕಂಪನಿಗೆ ಫೋನ್ ಮಾಡಿದ. ಲಿಫ್ಟು ಕಟಕಟ ಅಂತಿದೆ, ಯಾರಾದ್ರೂ ಬಂದು ನೋಡಿ ಅಂದ. ಆ ಕಡೆಯವನು ಏನೋ ಅಂದ. ಇವನು ಫೋನ್ ಇಟ್ಟು ನಗೋಕೆ ಶುರು ಮಾಡಿದ. 'ಅದು ಮಾಮೂಲಿ ಸದ್ದಂತೆ ಅಕ್ಕ, ಹಾಡು ಅಂದ್ಕೊಂಡು ಕೇಳಿ ಅಂತಾನೆ' ಅಂದ. ನಾನೂ ನಕ್ಕೆ. ಗುರುವಾರ ಬಿತ್ತು."

ಮಡಿಲಲ್ಲಿದ್ದ ಶರ್ಟನ್ನು ಪಕ್ಕಕ್ಕಿಟ್ಟು ಅಂದಳು, "ಹಾಗಂದವನು ಯಾರು? ಅವನ ಮುಖ ನೋಡ್ಬೇಕು ನಾನು. ಬೇರೆ ಏನೂ ಬೇಡ."

ನಾನು ಬರೆದುಕೊಳ್ಳುತ್ತಿದ್ದೆ. ಅವಳು ನನ್ನ ಕೈ ಹಿಡಿದಳು.

"ಇದನ್ನ ಬರೀಬೇಡ. ಅವರಿಗೆ ಹೇಳ್ಬೇಡ. ಎಲ್ಲರ ಮುಂದೆ ನಾನೇ ಎದ್ದು ಕೇಳ್ತೀನಿ. ಆಗ ತಪ್ಪಿಸ್ಕೊಳ್ಳೋಕೆ ಆಗಲ್ಲ, ಅಲ್ವಾ?"

"ಆಗಲ್ಲ ಅಕ್ಕ," ಅಂದೆ. ಬರೆದಿದ್ದ ಸಾಲನ್ನು ಅವಳ ಎದುರಿಗೇ ಹೊಡೆದು ಹಾಕಿದೆ. ಆ ಗಳಿಗೆಯಲ್ಲಿ ನನ್ನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯ ಹುಟ್ಟಿತು. ನಮ್ಮ ಕೆಲಸದಲ್ಲಿ ಅದು ಅಪರೂಪ.

ಮಾರನೆಯ ದಿನ ತಾಲೀಮು. ಮಾಲೀಕ ದಪ್ಪ ಬೆರಳಿನ, ಹಾಸ್ಯಪ್ರಜ್ಞೆಯ ಮನುಷ್ಯ. ಒಳಗೆ ಬಂದವನೇ ನಮ್ಮ ಫ್ಯಾನಿನ ಸದ್ದು ಕೇಳಿ, "ಇದಕ್ಕೆ ನನ್ನ ಮೆಕ್ಯಾನಿಕ್ಕನ್ನೇ ಕಳಿಸ್ತೀನಿ ಬಿಡಿ," ಅಂದು ತಾನೊಬ್ಬನೇ ನಕ್ಕ. ನಾನು ಅಕ್ಕನಾದೆ. ಪಟ್ಟಿಯಲ್ಲಿದ್ದದ್ದನ್ನೆಲ್ಲ ಕೇಳಿದೆ. ಒಂದು ತಾಸಿನಲ್ಲಿ ಅವನು ಪಳಗಿದ.

"ಈಗ ಕೊನೇ ಸುತ್ತು," ಅಂದರು ಮೇಷ್ಟ್ರು.

"ನನ್ನ ತಮ್ಮ ಏನು ತಪ್ಪು ಮಾಡಿದ್ದ?" ಅಂದೆ ನಾನು.

ಅವನಿಗೆ ಸುಸ್ತಾಗಿತ್ತೋ ಏನೋ, ಕುರ್ಚಿಗೆ ಒರಗಿದ. "ನಿಮ್ಮ ತಮ್ಮನದ್ದೂ ಕಮ್ಮಿ ತಪ್ಪಲ್ಲಮ್ಮ. ಹೊಲಿಗೆ ಮೆಷಿನ್ನು, ಬಟ್ಟೆ ಗಂಟು ಎಲ್ಲಾ ತುಂಬ್ಕೊಂಡು ಹತ್ತಿದ್ದ. ಅದೇನು ಲಿಫ್ಟಾ, ಎತ್ತಿನ ಗಾಡಿನಾ?"

"ಸತ್ತವನ ಮೇಲೆ ಹಾಕ್ಬೇಡಿ ಅಂದಿದ್ದೀನಿ," ಎಂದು ಮೇಷ್ಟ್ರು ಗದರಿದರು.

"ಇಲ್ಲಿ ನಾವು ನಾವೇ ಅಲ್ವಾ ಮೇಷ್ಟ್ರೇ," ಅಂದ ಅವನು. ಮತ್ತೆ ನಕ್ಕ.

ಆ ನಗು ನನ್ನ ತಲೆಗೇರಿತು. ಅವನ ಬಾಯಿ ಮುಚ್ಚಿಸಬೇಕು ಅನ್ನಿಸಿತು, ಅಷ್ಟೇ. ನನ್ನ ಕೈಯಲ್ಲಿ ಅದಕ್ಕೆ ಬೇಕಾದದ್ದು ಇತ್ತು.

"ಸೋಮವಾರ ಮಧ್ಯಾಹ್ನ ನನ್ನ ತಮ್ಮ ನಿಮಗೆ ಫೋನ್ ಮಾಡಿದ್ದ. ಸದ್ದು ಬರ್ತಿದೆ ಅಂದ. ಹಾಡು ಅಂದ್ಕೊಂಡು ಕೇಳಿ ಅಂದ್ರಲ್ಲ, ಯಾರ್ರೀ ಅದು? ಯಾರು ಫೋನ್ ಎತ್ತಿದ್ದು?"

ಅವನ ನಗು ಮುಖದ ಮೇಲೇ ಒಣಗಿತು. ಕಿವಿಯ ತುದಿ ಬಿಳಿಚಿಕೊಂಡದ್ದು ನನಗೆ ಕಾಣಿಸಿತು. ಗೆದ್ದೆ ಅಂದುಕೊಂಡೆ. ಆ ಗೆಲುವು ನೀರು ಕುಡಿದು ಲೋಟ ಕೆಳಗಿಡುವಷ್ಟು ಹೊತ್ತು ಇತ್ತು.

"ಊಟದ ಹೊತ್ತು," ಅಂದ ಅವನು, ಮೇಜನ್ನು ನೋಡುತ್ತಾ. "ಫೋನ್ ನೋಡ್ಕೊಳ್ಳೋ ಹುಡುಗಿ ಹೊರಗೆ ಹೋಗಿದ್ಲು. ನಾನೇ ಎತ್ತಿದ್ದೆ. ತಮಾಷೆಗೆ ಅಂದಿದ್ದು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ನನ್ನ ಕಡೆ ತಿರುಗಿ, "ಭೇಷ್. ಇದು ಅಲ್ಲಿ ಎದ್ದಿದ್ರೆ ಮುಗಿದೇಹೋಗ್ತಿತ್ತು," ಅಂದರು. ಅವನ ಕಡೆ ತಿರುಗಿ, "ಎತ್ತಿದ್ದು ನೀವೇ ಅಂತ ಇನ್ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ."

"ಹಾಗಾದ್ರೆ ಯಾರೂ ಕೇಳೋಕೆ ಮುಂಚೆ ನೀವೇ ಹೇಳಿಬಿಡಿ. ಫೋನ್ ಬಂದಿತ್ತು, ಒಬ್ಬ ಸಿಬ್ಬಂದಿ ಹಗುರವಾಗಿ ತಗೊಂಡ, ಅವನನ್ನ ತೆಗೆದುಹಾಕಿದ್ದೀವಿ. ಹೆಸರು ಹೇಳಲ್ಲ. ಅವನಿಗೂ ಒಂದು ಮನೆ ಇರುತ್ತೆ ಅನ್ನಿ."

"ಮೇಷ್ಟ್ರೇ, ಅದು ಅಕ್ಕ ನನ್ನೊಬ್ಬಳಿಗೇ ಹೇಳಿದ್ದು," ಅಂದೆ.

"ಹೇಳಿದ್ದು ನೀನಲ್ವಾ ಈಗ?" ಅಂದರು ಮೇಷ್ಟ್ರು. ವ್ಯಂಗ್ಯವೇನೂ ಇರಲಿಲ್ಲ. ಸಂಶಯ ಪರಿಹರಿಸಿಕೊಳ್ಳುವಂತೆ ಕೇಳಿದರು.

ಪತ್ರಿಕಾಗೋಷ್ಠಿ ಹೋಟೆಲೊಂದರ ಸಣ್ಣ ಹಾಲಿನಲ್ಲಿ ನಡೆಯಿತು. ಅಕ್ಕ ಮುಂದಿನ ಸಾಲಿನಲ್ಲಿ, ಮಡಚಿದ ಒಂದು ಚೀಟಿ ಹಿಡಿದು ಕೂತಿದ್ದಳು. ನನ್ನನ್ನು ನೋಡಿ ಕಣ್ಣಲ್ಲೇ ನಕ್ಕಳು. ನಾವಿಬ್ಬರೂ ಒಂದು ಗುಟ್ಟು ಇಟ್ಟುಕೊಂಡವರಂತೆ.

ಮಾಲೀಕ ಚೆನ್ನಾಗಿ ಮಾಡಿದ. ಸತ್ತವನ ಹೆಸರನ್ನು ತಡವರಿಸದೆ ಹೇಳಿದ. ಎರಡನೆಯ ನಿಮಿಷಕ್ಕೇ, "ನಾವಾಗಿಯೇ ಒಂದು ವಿಷಯ ಒಪ್ಪಿಕೊಳ್ಳಬೇಕು," ಅಂದು ಫೋನಿನ ಸಂಗತಿ ಹೇಳಿಬಿಟ್ಟ. ಮಾಮೂಲಿ ಸದ್ದು ಅಂದದ್ದು, ಹಾಡು ಅಂದದ್ದು, ಏನನ್ನೂ ಬಿಡಲಿಲ್ಲ. ಸಿಬ್ಬಂದಿಯನ್ನು ತೆಗೆದದ್ದನ್ನೂ ಹೇಳಿದ. ವರದಿಗಾರರು ತಲೆಯಾಡಿಸುತ್ತಾ ಬರೆದುಕೊಂಡರು. ಇಷ್ಟು ನೇರವಾಗಿ ಒಪ್ಪಿಕೊಂಡವರನ್ನು ಅವರು ನೋಡಿರಲಿಲ್ಲವೇನೋ.

ಅಕ್ಕನ ಕೈ ಅರ್ಧ ಮೇಲೆದ್ದಿತ್ತು. ಅಲ್ಲೇ ನಿಂತಿತು. ಆಮೇಲೆ ನಿಧಾನಕ್ಕೆ ಮಡಿಲಿಗೆ ಇಳಿಯಿತು. "ನೀವೇನಾದ್ರೂ ಕೇಳ್ತೀರಾ ಅಮ್ಮ?" ಎಂದು ಮೇಷ್ಟ್ರೇ ಮೈಕು ಒಯ್ದು ಹಿಡಿದರು. ಅವಳು ಚೀಟಿ ಬಿಡಿಸಿ ನೋಡಿದಳು. ಬೇಡ ಅಂತ ತಲೆಯಾಡಿಸಿದಳು.

ಮುಗಿದ ಮೇಲೆ ಹೊರಗಿನ ಮೊಗಸಾಲೆಯಲ್ಲಿ ಚಹಾ ಇಟ್ಟಿದ್ದರು. ಅವಳು ನೇರ ನನ್ನ ಹತ್ತಿರ ಬಂದಳು.

"ನೀನೇ ಹೇಳಿದ್ಯಾ?"

"ಹೂಂ."

"ಹೇಳ್ಬೇಡ ಅಂದಿದ್ದೆ."

"ಸಿಟ್ಟು ಬಂತು ಅಕ್ಕ. ನಿಮ್ಮ ತಮ್ಮನದ್ದೇ ತಪ್ಪು ಅಂತ ನಕ್ಕರು. ತಡ್ಕೊಳ್ಳೋಕೆ ಆಗ್ಲಿಲ್ಲ."

"ತಮ್ಮ ನನ್ನವನು," ಅಂದಳು. "ಸಿಟ್ಟು ನಿನಗೆ ಬಂತಾ?"

ಅವಳು ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಬೈಗುಳದ ಎದುರು ಹೇಗಿರಬೇಕು ಅಂತ ನನಗೆ ಗೊತ್ತು.

"ಹೋಗ್ಲಿ ಬಿಡು. ಆ ಹುಡುಗ ಯಾರು? ಕೆಲಸದಿಂದ ತೆಗೆದ್ರಲ್ಲ, ಅವನು."

ಹತ್ತು ಹೆಜ್ಜೆ ಆಚೆ ಮಾಲೀಕ ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದ. ಬೆರಳು ತೋರಿಸಿದ್ದರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ಬಾಗಿಲ ಬಳಿಯಿಂದ ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ನನ್ನ ಕೈ ಚಹಾ ಲೋಟದ ಸುತ್ತಲೇ ಇತ್ತು.

"ಹೆಸರು ಹೇಳೋ ಹಾಗಿಲ್ಲ ಅಕ್ಕ."

"ಮದುವೆ ಆಗಿದ್ಯಂತಾ?"

"ಗೊತ್ತಿಲ್ಲ."

"ಮಕ್ಕಳು ಮರಿ ಇದ್ರೆ ಏನ್ ಮಾಡ್ತಾನೆ?" ಅವಳ ಮುಖದಲ್ಲಿ ನಾನು ಹಿಂದೆಂದೂ ಕಾಣದ ಗಾಬರಿ. "ತಮಾಷೆಗೆ ಅಂದಿದ್ದು ಕಣೇ ಅದು. ನಾವೂ ನಕ್ಕಿದ್ವಲ್ಲ. ಎದುರಿಗೆ ನಿಲ್ಲಿಸ್ಕೊಂಡು ಎರಡು ಮಾತು ಅನ್ಬೇಕು ಅಂತಿದ್ದೆ. ಅವನ ಅನ್ನ ಕಿತ್ಕೋಬೇಕು ಅಂತ ಇರ್ಲಿಲ್ಲ."

ನಾನು ತಡೆಯುವ ಮೊದಲೇ ಅವಳು ಹೊರಟುಬಿಟ್ಟಳು. ಮಾಲೀಕನ ಎದುರು ಹೋಗಿ ನಿಂತಳು. ಅವನು ಲೋಟ ಕೆಳಗಿಟ್ಟ, ನಾವು ಕಲಿಸಿದಂತೆ ಎರಡೂ ಕೈ ಮುಂದೆ ಕಟ್ಟಿಕೊಂಡು ಸ್ವಲ್ಪ ಬಾಗಿದ.

"ಸಾರ್, ಆ ಹುಡುಗನ್ನ ಮತ್ತೆ ಸೇರಿಸ್ಕೊಳ್ಳಿ. ನನ್ನಿಂದ ಒಬ್ಬರ ಕೆಲಸ ಹೋಯ್ತು ಅಂತ ಆಗೋದು ಬೇಡ."

ಅವನು ಒಂದು ಕ್ಷಣ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಕಣ್ಣು ಮುಚ್ಚಿ ತೆರೆದರು.

"ಖಂಡಿತ ಅಮ್ಮ," ಅಂದ ಅವನು. "ನಿಮ್ಮ ದೊಡ್ಡ ಮನಸ್ಸು. ಸೇರಿಸ್ಕೊಳ್ತೀವಿ."

ಅಷ್ಟರಲ್ಲಿ ಫೋಟೋದವರು ಸುತ್ತುವರಿದಿದ್ದರು. ಎಲ್ಲಕ್ಕಿಂತ ಚೆನ್ನಾಗಿ ಬಂದ ಚಿತ್ರದಲ್ಲಿ ಅಕ್ಕ ಕತ್ತೆತ್ತಿ ಅವನ ಮುಖವನ್ನೇ ನೋಡುತ್ತಿದ್ದಾಳೆ, ಅವನ ಕಣ್ಣು ನೆಲದ ಮೇಲಿದೆ. ಅಡಿಯಲ್ಲಿ ಒಂದು ಸಾಲು ಬೇಕಿತ್ತು. "ತಪ್ಪೆಸಗಿದ ಸಿಬ್ಬಂದಿಯನ್ನು ಕ್ಷಮಿಸುವಂತೆ ಮೃತನ ಸಹೋದರಿಯಿಂದ ಮನವಿ" ಎಂದು ಬರೆದೆ. ನಾಲ್ಕೂವರೆಯ ಒಳಗೆ ಎಲ್ಲ ಪತ್ರಿಕೆಗಳಿಗೂ ಕಳಿಸಿದೆ.