ಭಾವ ಹೊಡೆದುಹಾಕಿದ ಪುಟ

ವಾರವೆಲ್ಲ ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲೇಮು ಫೈಲುಗಳನ್ನು ತಿರುವಿ ಹಾಕುವ ದಾಕ್ಷಾಯಿಣಿಗೆ ಬರೆಯುವುದಕ್ಕೆ ಅಂತ ಸಿಗುವುದು ಶನಿವಾರ ಮತ್ತು ಭಾನುವಾರ ಮಾತ್ರ. ಅದರಲ್ಲೂ ಬಟ್ಟೆ ಒಗೆತ, ಹಿಟ್ಟಿನ ಗಿರಣಿ, ಹೇಳದೆ ಕೇಳದೆ ಬರುವ ನೆಂಟರು ಎಲ್ಲ ಕಳೆದರೆ ಉಳಿಯುವುದೆಷ್ಟು? ಹಾಗೆ ಉಳಿದ ಚೂರುಪಾರು ಹೊತ್ತನ್ನು ಒಟ್ಟುಮಾಡಿಕೊಂಡು, ಮಳೆಗಾಲ ಪೂರ್ತಿ ಕೂತು ಅವಳು ಒಂದು ಕಥೆ ಬರೆದಿದ್ದಳು. ವಾರಪತ್ರಿಕೆಯೊಂದರ ದೀಪಾವಳಿ ವಿಶೇಷಾಂಕಕ್ಕೆ ಅದನ್ನು ಈ ಭಾನುವಾರ ಸಂಜೆಯೊಳಗೆ ಮೇಲ್ ಮಾಡಬೇಕಿತ್ತು. ಹಿಂದೆ ಅವಳ ಕೆಲವು ಕಥೆಗಳು ಪುರವಣಿಗಳಲ್ಲಿ ಬಂದಿದ್ದವು ನಿಜ. ಆದರೆ ಪತ್ರಿಕೆಯವರು ತಾವಾಗಿ ಫೋನ್ ಮಾಡಿ ಕೇಳಿದ್ದು ಇದೇ ಮೊದಲು.

ಆ ಕಥೆ ಈಗ ಊಟದ ಮೇಜಿನ ಮೇಲೆ ಕೆಂಪು ಶಾಯಿಯಲ್ಲಿ ಮಿಂದು ಬಿದ್ದಿತ್ತು.

ಇದಕ್ಕೆ ಕಾರಣ ಅವಳ ಗಂಡ ಅಮರೇಶ. ಅವನನ್ನು ಪೂರ್ತಿ ದೂರುವಂತೆಯೂ ಇಲ್ಲ. ಆ ಮನೆತನದಲ್ಲಿ ಅಚ್ಚಿಗೆ ಹೋಗುವ ಯಾವ ಕಾಗದವೂ ಅವನ ಅಣ್ಣ ಸಿದ್ದಲಿಂಗಸ್ವಾಮಿಯವರ ಕಣ್ಣು ತಪ್ಪಿಸಿ ಹೋಗುವುದಿಲ್ಲ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತೀರಿಕೊಂಡವರ ಶಿವಗಣಾರಾಧನೆಯ ಆಹ್ವಾನ, ಎಲ್ಲವೂ ಮೊದಲು ವಿದ್ಯಾರಣ್ಯಪುರದ ಅವರ ಮನೆಗೆ. ಕಾಲೇಜಿನಲ್ಲಿ ಕನ್ನಡ ಮೇಷ್ಟರಾಗಿದ್ದು ನಿವೃತ್ತರಾದವರು. ಅಗ್ರಹಾರದ ಪ್ರೆಸ್ಸಿನವನು ಕೂಡ ಮೇಷ್ಟ್ರು ನೋಡಿದಾರಾ ಅಂತ ಕೇಳಿಯೇ ಕೆಲಸ ಶುರುಮಾಡುತ್ತಿದ್ದ. ಒಂದು ಸಲ ಸೋದರತ್ತೆಯ ಮಗಳ ಲಗ್ನಪತ್ರಿಕೆಯನ್ನು ಅವರಿಗೆ ತೋರಿಸದೆ ಅಚ್ಚು ಹಾಕಿಸಿದ್ದರು. ಭಾವ ಮದುವೆಗೆ ಹೋಗಿ, ಅಕ್ಷತೆ ಹಾಕಿ, ಊಟ ಮಾಡದೆ ಬಂದಿದ್ದರು. ಅಲ್ಲಿಂದಾಚೆ ಯಾರೂ ಆ ಸಾಹಸ ಮಾಡಿಲ್ಲ. ಆದ್ದರಿಂದ ಹೆಂಡತಿ ಆಫೀಸಿಗೆ ಹೋಗಿದ್ದಾಗ ಅಮರೇಶ ಅವಳ ಹಾಳೆಗಳನ್ನು ಎತ್ತಿಕೊಂಡು ಹೋಗಿ ಅಣ್ಣನ ಕೈಗೆ ಕೊಟ್ಟಿದ್ದ. ಉಪಕಾರ ಮಾಡಿದೆ ಅಂತಲೇ ಅವನ ಲೆಕ್ಕ.

ಶನಿವಾರ ಬೆಳಿಗ್ಗೆ ಬಟ್ಟೆ ಒಣಹಾಕಿ ಬಂದು ಅವಳು ಹಾಳೆಗಳನ್ನು ಮುಂದಕ್ಕೆಳೆದುಕೊಂಡಳು. ಕೋಪ ಮಾಡಿಕೊಳ್ಳೋಣವೆಂದರೆ ಮೊದಲ ಪುಟದ ತಿದ್ದುಪಡಿಗಳೆಲ್ಲ ಸರಿಯಾಗಿಯೇ ಇದ್ದವು. ಅದರಿಂದ ಇನ್ನಷ್ಟು ಉರಿ ಹತ್ತಿತು. ಮಹಾಪ್ರಾಣ ಎಲ್ಲಿ ಬರುತ್ತದೆ, ಎಲ್ಲಿ ಬರುವುದಿಲ್ಲ ಎನ್ನುವುದು ಅವಳಿಗೆ ಇವತ್ತಿಗೂ ಗ್ಯಾರಂಟಿಯಿಲ್ಲ. ಅವಳು ಓದಿದ್ದು ನಂಜನಗೂಡಿನಾಚೆಯ ಒಂದು ಸರ್ಕಾರಿ ಶಾಲೆಯಲ್ಲಿ. ಅಲ್ಲಿದ್ದ ಒಬ್ಬರೇ ಮೇಷ್ಟರು ಎಲ್ಲ ತರಗತಿಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ದೊಡ್ಡವರಿಗೆ ಸಂಧಿ ಹೇಳುವಾಗ ಚಿಕ್ಕವರಿಗೆ ಮಗ್ಗಿ ಬರೆಯಲು ಹಚ್ಚುತ್ತಿದ್ದರು. ಅವಳ ವ್ಯಾಕರಣವೆಲ್ಲ ಕಿವಿಯಿಂದ ಬಂದದ್ದು.

ಎರಡನೆಯ ಪುಟದಿಂದ ಬೇರೆ ಆಟ ಶುರುವಾಗಿತ್ತು. ಕಥೆಯ ಹೆಂಗಸು ದಾಕ್ಷಾಯಿಣಿಯ ಬರಹದಲ್ಲಿ ಬಂದಿದ್ದಳು, ಭಾವನ ಕೆಂಪು ಶಾಯಿಯಲ್ಲಿ ‘ಆಗಮಿಸಿದ್ದಳು’. ಅಲ್ಲಿ ತಿಂಡಿ ತಿಂದಿದ್ದಳು, ಇಲ್ಲಿ ‘ಉಪಾಹಾರ ಸ್ವೀಕರಿಸಿದ್ದಳು’. ಸೊಸೆಯ ಮೇಲೆ ರೇಗಿ ಅವಳು ‘ಹೋಗ್ಲಿ ಬುಡು’ ಅಂದಿದ್ದನ್ನು ಭಾವ ‘ಇರಲಿ, ಬಿಡು’ ಎಂದು ಮಾಡಿ ಅವಳ ರೇಗಾಟವನ್ನೇ ಇಳಿಸಿಬಿಟ್ಟಿದ್ದರು. ಓದುತ್ತಾ ಓದುತ್ತಾ ದಾಕ್ಷಾಯಿಣಿಗೆ ತನ್ನ ಕಥೆಯ ಕೊನೆಯಲ್ಲಿ ‘ಸುಖಾಗಮನ ಬಯಸುವ’ ಎಂದು ಬಂಧುಗಳ ಹೆಸರು ಬರುತ್ತದೇನೋ ಅನ್ನಿಸತೊಡಗಿತು.

ನಡುವಿನ ಒಂದು ಪುಟದಲ್ಲಿ ಮಾತ್ರ ಒಂದು ಅಕ್ಷರವನ್ನೂ ತಿದ್ದಿರಲಿಲ್ಲ. ಮೂಲೆಯಿಂದ ಮೂಲೆಗೆ ಒಂದು ಗೀಟು ಎಳೆದು ಪಕ್ಕದಲ್ಲಿ ‘ಅನವಶ್ಯಕ. ಕಥೆಗೆ ಪೋಷಕವಲ್ಲ’ ಎಂದು ದುಂಡಗೆ ಬರೆದಿದ್ದರು.

ಆ ಪುಟಕ್ಕಾಗಿಯೇ ಅವಳು ಕಥೆ ಬರೆದಿದ್ದು. ಹೋಟೆಲಿನ ತಿಂಡಿಯನ್ನು ಮುಟ್ಟದ, ಮೈಮೇಲೆ ಲಿಂಗವಿರುವ, ಬಂದುಹೋಗುವವರಿಗೆ ಬೇಯಿಸಿಹಾಕುತ್ತಲೇ ಮುದುಕಿಯಾದ ಒಬ್ಬಳು ಸೋಮವಾರ ಸಂಜೆ ಮಠಕ್ಕೆ ಅಂತ ಹೇಳಿ ಮನೆಯಿಂದ ಹೊರಡುತ್ತಾಳೆ. ಹೋಗಿ ಅಗ್ರಹಾರದ ಸಂದಿಯ ಒಂದು ಸಣ್ಣ ಹೋಟೆಲಿನಲ್ಲಿ, ಗೋಡೆಗೆ ಮುಖ ಮಾಡಿ ಕೂತು, ಒಬ್ಬಳೇ ಮಸಾಲೆದೋಸೆ ತಿನ್ನುತ್ತಾಳೆ. ಕಾಫಿ ಬಂದಾಗ ಲೋಟದ ಅಂಚನ್ನು ಸೆರಗಿನಲ್ಲಿ ಒರೆಸಿಕೊಂಡು ನಿಧಾನವಾಗಿ ಕುಡಿಯುತ್ತಾಳೆ. ಯಾಕೆ ಹಾಗೆ ಮಾಡುತ್ತಾಳೆ ಎನ್ನುವುದನ್ನು ಹೇಳುವ ಒಂದು ವಾಕ್ಯ ಮಳೆಗಾಲವಿಡೀ ದಾಕ್ಷಾಯಿಣಿಯನ್ನು ಸತಾಯಿಸಿತ್ತು. ಹಸಿವು ಅಂದರೆ ಸುಳ್ಳು. ಚಪಲ ಅಂದರೆ ಅನ್ಯಾಯ. ಬಿಡುಗಡೆ ಅನ್ನುವ ಪದ ಬರೆದು, ಅದು ಭಾಷಣದ ಹಾಗೆ ಕಂಡು, ಹೊಡೆದು, ಮತ್ತೆ ಬರೆದಿದ್ದಳು. ಅಷ್ಟು ಪಾಡುಪಟ್ಟ ಪುಟ ಒಂದು ಗೀಟಿನಲ್ಲಿ ಹೋಗಿತ್ತು.

ಅಮರೇಶನಿಗೆ ಹೇಳಿದರೆ, ಅಣ್ಣ ಕಣ್ಣು ಆಪರೇಷನ್ ಆದ ಮೇಲೂ ಅಷ್ಟು ಕಷ್ಟಪಟ್ಟು ನೋಡಿದಾನೆ, ಏನೋ ಕಾರಣ ಇರತ್ತೆ ಅಂದ.

“ನೀವು ಓದಿದ್ರಾ?” ಎಂದು ಕೇಳಿದಳು.

“ಅಣ್ಣ ಓದಿದಾನಲ್ಲ ಕಣೇ.”

ಮಧ್ಯಾಹ್ನ ಮಗಳು ಲಾಸ್ಯ ಲ್ಯಾಪ್‌ಟಾಪ್ ತೆಗೆದುಕೊಂಡು ಪಕ್ಕಕ್ಕೆ ಬಂದಳು. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಕನ್ನಡವಾಗಿ ಮೂಡುವ ಉಪಾಯ ಅವಳಿಗೆ ಗೊತ್ತು. ಆದರೆ ಕೈಬರಹದ ಕನ್ನಡ ಓದುವುದೆಂದರೆ ಕತ್ತಲೆಯಲ್ಲಿ ಮೆಟ್ಟಿಲು ಹತ್ತಿದ ಹಾಗೆ. ಇಂಗ್ಲಿಷ್ ಮೀಡಿಯಂ ಹುಡುಗಿ. ಹೈಸ್ಕೂಲಿನಲ್ಲಿ ಮೊದಲ ಭಾಷೆಯಾಗಿ ಸಂಸ್ಕೃತ ತೆಗೆದುಕೊಂಡಿದ್ದಳು. ಅದರಲ್ಲಾದರೆ ಮಾರ್ಕ್ಸು ಪೂರ್ತಿ ಬರತ್ತೆ, ಕನ್ನಡದಲ್ಲಿ ಯಾರೂ ಕೊಡಲ್ಲ ಅಂತ ಸಲಹೆ ಕೊಟ್ಟವರು ಬೇರೆ ಯಾರೂ ಅಲ್ಲ, ಕನ್ನಡ ಮೇಷ್ಟರಾದ ಅವಳ ದೊಡ್ಡಪ್ಪನೇ. ಮಾರ್ಕ್ಸೂ ಪೂರ್ತಿ ಬಂದಿತ್ತು. ಹಾಗಾಗಿ ಈಗ ತಾಯಿ ಓದಿ ಹೇಳಬೇಕು, ಮಗಳು ಹೊಡೆಯಬೇಕು.

ಭಾವನ ವಾಕ್ಯ ಬಂದಾಗಲೆಲ್ಲ ಲಾಸ್ಯ ಕೈ ನಿಲ್ಲಿಸಿ ಹಾಗಂದ್ರೇನು ಅಂತ ಕೇಳುತ್ತಿದ್ದಳು. ದಾಕ್ಷಾಯಿಣಿ ‘ಬಂದಳು’ ಅಂತ ಅರ್ಥ, ‘ತಿಂದಳು’ ಅಂತ ಅರ್ಥ ಎಂದು ಬಿಡಿಸಿ ಹೇಳುವುದು, ಹಾಗಾದ್ರೆ ಹಾಗೇ ಬರೀಬೋದಲ್ಲ ಅಂತ ಮಗಳು ಅನ್ನುವುದು. ಸ್ವಲ್ಪ ಹೊತ್ತಿನಲ್ಲಿ ಇಬ್ಬರಿಗೂ ಸಾಕಾಯಿತು. ಬರಹದ ತಪ್ಪುಗಳಷ್ಟನ್ನು ಭಾವ ತಿದ್ದಿದ ಹಾಗೆ ಇಟ್ಟುಕೊಂಡು, ದಾಕ್ಷಾಯಿಣಿ ಮಾತುಗಳನ್ನು ತನ್ನ ಹಾಗೆಯೇ ಹೇಳುತ್ತಾ ಹೋದಳು. ಗೀಟು ಎಳೆದ ಪುಟ ಬಂದಾಗ ತಡವರಿಸಿದಳು. ಮೂವತ್ತು ವರ್ಷ ಕನ್ನಡ ಕಲಿಸಿದವರು ಬೇಡ ಅಂದಿದ್ದಾರೆ. ತನಗೇನು ಗೊತ್ತು? ಅದನ್ನು ಮಗುಚಿಟ್ಟು, ಮುಂದಿನ ಪುಟ ಹೇಳಿ ಕಥೆ ಮುಗಿಸಿದಳು.

ಲಾಸ್ಯ ಪರದೆಯನ್ನು ಮೇಲಕ್ಕೆ ಕೆಳಕ್ಕೆ ಓಡಿಸಿ, “ಅಮ್ಮ, ಬೇಜಾರ್ ಮಾಡ್ಕೋಬೇಡ. ಇದ್ರಲ್ಲಿ ಏನೂ ಆಗೋದೇ ಇಲ್ಲ. ಅವ್ರು ಮಠಕ್ಕೆ ಹೋಗ್ತಾರೆ, ಬರ್ತಾರೆ, ಸಾರು ಮಾಡ್ತಾರೆ” ಅಂದಳು.

ದಾಕ್ಷಾಯಿಣಿಗೆ ಅಳು ಬರುವಷ್ಟು ಸಿಟ್ಟು ಬಂತು. ಮಗುಚಿಟ್ಟ ಪುಟವನ್ನು ಎತ್ತಿಕೊಂಡು ಗೀಟಿನ ಮೇಲೆಯೇ ಕಣ್ಣಾಡಿಸುತ್ತಾ ಗಟ್ಟಿಯಾಗಿ ಓದಿದಳು. ಲಾಸ್ಯ ಹೊಡೆಯುವುದನ್ನು ಮರೆತು ಕೇಳಿದಳು. ಲೋಟ ಒರೆಸುವ ಜಾಗಕ್ಕೆ ಬಂದಾಗ ಮೆಲ್ಲಗೆ, “ಇದು ಅಜ್ಜಿ ಅಲ್ವಾ?” ಅಂದಳು.

ಅಜ್ಜಿಯೇ. ಮೂರು ವರ್ಷದ ಹಿಂದೆ ತೀರಿಕೊಂಡ ಅತ್ತೆ ಪಾರ್ವತಮ್ಮ. ಆಫೀಸಿನಿಂದ ಬರುವಾಗ ತಲೆನೋವೆಂದು ಕಾಫಿಗೆ ಹೊಕ್ಕ ಹೋಟೆಲಿನಲ್ಲಿ ದಾಕ್ಷಾಯಿಣಿ ಅವರನ್ನು ಕಣ್ಣಾರೆ ಕಂಡಿದ್ದಳು. ಅತ್ತೆ ಗಾಬರಿಯಾಗಲಿಲ್ಲ. ಎದುರಿನ ಕುರ್ಚಿ ತೋರಿಸಿ, ಕೂತ್ಕೊ, ನಿಂಗೂ ಒಂದು ಹೇಳ್ತೀನಿ ಅಂದಿದ್ದರು. ಆಮೇಲೆ ಆ ಮಾತು ಇಬ್ಬರ ನಡುವೆ ಒಂದು ದಿನವೂ ಬರಲಿಲ್ಲ. ಮಗಳೇ ಗುರುತು ಹಿಡಿದ ಮೇಲೆ, ಭಾವನೂ ತಮ್ಮ ಅಮ್ಮನನ್ನು ಗುರುತಿಸಿರಬೇಕು, ಅವರ ಗೀಟಿಗೂ ಕಥೆಗೂ ಸಂಬಂಧವಿಲ್ಲ ಎನ್ನುವುದು ಅವಳಿಗೆ ಹೊಳೆಯಿತು. ನಾಳೆ ಬೆಳಿಗ್ಗೆ ಈ ಪುಟ ಸೇರಿಸೋಣ ಅಂತ ಮಗಳಿಗೆ ಹೇಳಿದಳು.

ಆದರೆ ಭಾನುವಾರ ಅವರಿಬ್ಬರೂ ಕೂರುವ ಮೊದಲೇ ಸಿದ್ದಲಿಂಗಸ್ವಾಮಿ ಬಂದರು. ಹೆಗಲ ಚೀಲವನ್ನು ಕುರ್ಚಿಗೆ ನೇತುಹಾಕಿ, ವಿಭೂತಿಯ ಹಣೆಯನ್ನು ಒರೆಸಿಕೊಳ್ಳುತ್ತಾ, ಕಳಿಸಿದ್ದಾಯ್ತೇನಮ್ಮ ಅಂತ ವಿಚಾರಿಸಿದರು. ತಿದ್ದುಪಡಿಗಳಿಂದ ಬಹಳ ಅನುಕೂಲ ಆಯಿತು ಅಂತ ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ಅವರು ಮುಗುಳ್ನಕ್ಕು, ಹಳ್ಳಿ ಶಾಲೆಯ ಅಡಿಪಾಯ ನೋಡು, ಏನು ಮಾಡೋಕಾಗತ್ತೆ ಅಂದರು. ಅವಳು ಅದನ್ನೂ ನುಂಗಿಕೊಂಡಳು.

“ಆ ಪುಟ ತೆಗೆದ್ಯಾ?”

“ಇಲ್ಲ ಭಾವ. ಇಡ್ತೀನಿ.”

“ಅನವಶ್ಯಕ ಅಂತ ಬರೆದಿದ್ನಲ್ಲ.”

“ಅದು ತೆಗೆದ್ರೆ ಕಥೆನೇ ಇರಲ್ಲ.”

ಅವರು ಅಮರೇಶನ ಕಡೆ ನೋಡಿದರು. ಅಮರೇಶ ಪೇಪರ್ ಮಡಿಸಿ, ಮತ್ತೆ ಬಿಚ್ಚಿದ. ಭಾವನ ದನಿ ತಗ್ಗಿತು. “ಅಮ್ಮ ಹೋಟ್ಲಲ್ಲಿ ಒಂದು ಲೋಟ ನೀರು ಕುಡಿದೋರಲ್ಲ ಕಣಮ್ಮ.”

ಇದು ಬರೀ ಕಥೆ ಭಾವ, ಯಾರೋ ಒಬ್ಬಳು ಹೆಂಗಸು ಅನ್ನುವ ಮಾತು ದಾಕ್ಷಾಯಿಣಿಯ ನಾಲಿಗೆಯ ತುದಿಯಲ್ಲೇ ಇತ್ತು. ಅಂದುಬಿಟ್ಟರೆ ಅವರೂ ನಿರಾಳವಾಗಿ ಎದ್ದು ಹೋಗುತ್ತಾರೆ. ಆದರೆ ಹಾಗಂದ ಮೇಲೆ, ಯಾರೋ ಒಬ್ಬಳಾದರೆ ತೆಗೆಯೋಕೇನು ಕಷ್ಟ ಅಂತ ಕೇಳುತ್ತಾರೆ. ಆಗ ಏನು ಹೇಳುವುದು?

“ನಾನು ಎದುರಿಗೆ ಕೂತಿದ್ದೆ ಭಾವ,” ಅಂದಳು.

ಆಮೇಲೆ ಭಾವ ಮಾತಾಡಿದ್ದು ಅವಳ ಹತ್ತಿರವೋ ತಮ್ಮಷ್ಟಕ್ಕೆ ತಾವೋ ತಿಳಿಯುವಂತಿರಲಿಲ್ಲ. ಆ ಮಠದ ಹಾಸ್ಟೆಲಿನಲ್ಲಿ ಅನ್ನ ತಿಂದು ಓದಿದವನು ತಾನು. ಅಮ್ಮನ ಶಿವಗಣಾರಾಧನೆಯ ಕಾರ್ಡಿನಲ್ಲಿ ‘ಪ್ರತಿ ಸೋಮವಾರ ಶ್ರೀಮಠದ ದರ್ಶನ ತಪ್ಪಿಸದ’ ಅಂತ ತಾನೇ ಕೈಯಾರೆ ಬರೆದದ್ದು. ಅದನ್ನು ಊರೆಲ್ಲ ಓದಿದೆ. ಈಗ ವಿಶೇಷಾಂಕವನ್ನೂ ಊರೆಲ್ಲ ಓದುತ್ತದೆ.

“ಮಠಕ್ಕೂ ಹೋಗ್ತಿದ್ರಾ, ಅದಾದ್ರೂ ಹೇಳು.”

“ನಂಗೊತ್ತಿಲ್ಲ ಭಾವ. ಕೇಳ್ಲಿಲ್ಲ ನಾನು.”

ಅವರು ಎದ್ದು ಮೇಜಿನ ಮೇಲಿದ್ದ ಹಾಳೆಗಳನ್ನು ಕೂಡಿಸಿ, ಅಂಚು ಸಮ ಮಾಡಿ, ತಮ್ಮ ಚೀಲಕ್ಕೆ ಹಾಕಿಕೊಂಡರು. “ನಾನು ನೋಡಿದ್ದು ಅಂತ ಯಾರಿಗೂ ಹೇಳ್ಬೇಡ. ನಿನ್ನ ಕಥೆ, ನಿನ್ನ ಕನ್ನಡ. ಕಳಿಸ್ಕೊ.” ಅಮರೇಶ ಕಾಫಿ, ಅಣ್ಣ, ಕಾಫಿ ಎಂದು ಗೇಟಿನವರೆಗೂ ಹಿಂದೆ ಹೋದ. ಅವರು ನಿಲ್ಲಲಿಲ್ಲ.

ಅವರು ಹೋದ ಮೇಲೆ ದಾಕ್ಷಾಯಿಣಿ ಖಾಲಿ ಮೇಜನ್ನು ನೋಡಿದಳು. ಸೋಮವಾರದ ಪುಟ ಇನ್ನೂ ಟೈಪ್ ಆಗಿರಲಿಲ್ಲ. ಅದೂ ಅವರ ಚೀಲದಲ್ಲಿ ಹೋಗಿತ್ತು. ಬೇರೆ ಪ್ರತಿಯಿಲ್ಲ. ಹೋಗಿ ಕೇಳಿ ತರಲಾ ಅಂದ ಅಮರೇಶ. ಬೇಡ ಅಂದಳು. ಕೊಡುತ್ತಾರೆ, ಆದರೆ ಅದನ್ನು ಇಸಕೊಳ್ಳುವಾಗ ಅವರ ಮುಖ ನೋಡಬೇಕಲ್ಲ.

ಊಟವಾದ ಮೇಲೆ ಲಾಸ್ಯಳನ್ನು ಕೂರಿಸಿಕೊಂಡು ನೆನಪಿನಿಂದ ಹೇಳತೊಡಗಿದಳು. ತಿಂಗಳುಗಟ್ಟಲೆ ಕಟ್ಟಿದ ವಾಕ್ಯಗಳು ಒಂದೂ ನೆಟ್ಟಗೆ ಬರಲಿಲ್ಲ. ಬಿಡುಗಡೆಯ ವಾಕ್ಯದ ಮೊದಲರ್ಧ ಬಂತು, ಉಳಿದರ್ಧ ಎಲ್ಲಿಗೋ ಹಾರಿಹೋಗಿತ್ತು. ಕೊನೆಗೆ ರೋಸಿ, ಹೋಟೆಲಿನಲ್ಲಿ ನಡೆದದ್ದನ್ನಷ್ಟೇ ಹೇಳಿದಳು: ಸಪ್ಲೈಯರ್ ತಟ್ಟೆ ತಂದಿಟ್ಟು, ಇನ್ನೇನ್ ಬೇಕಮ್ಮ ಅಂತ ಕೇಳಿದ, ಮುದುಕಿ ಉತ್ತರ ಕೊಡುವುದಕ್ಕೆ ಬಹಳ ಹೊತ್ತು ತೆಗೆದುಕೊಂಡಳು. ಸಾಕು, ಮುಂದೆ ಹೋಗು ಅಂದಳು. ನಡುನಡುವೆ ಲಾಸ್ಯ ಇದಕ್ಕೆ ಯಾವ ಧ, ಇಲ್ಲಿ ಯಾವ ಳ ಅಂತ ಕೇಳುತ್ತಿದ್ದಳು. ದಾಕ್ಷಾಯಿಣಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಊರಲ್ಲೇ ಇದ್ದರು, ಆದರೆ ಫೋನ್ ಮಾಡುವಂತಿರಲಿಲ್ಲ. ಒಂದಕ್ಕೆ ಊಹೆ ಮಾಡಿದಳು, ಇನ್ನೊಂದಕ್ಕೆ ಪದವನ್ನೇ ಬದಲಾಯಿಸಿದಳು. ಅಚ್ಚಾದ ಮೇಲೆ ಭಾವ ಎಷ್ಟು ತಪ್ಪಿಗೆ ಗೆರೆ ಎಳೆಯುತ್ತಾರೋ ಎಂದುಕೊಳ್ಳುತ್ತಲೇ, ಕಳಿಸು ಅಂದುಬಿಟ್ಟಳು. ಲಾಸ್ಯ ಕಳಿಸಿದಳು.

ಅಮರೇಶ ಬಾಗಿಲಿಗೆ ಒರಗಿ ನಿಂತಿದ್ದ. ಯಾವಾಗಿಂದ ನಿಂತಿದ್ದನೋ, ಅವಳು ನೋಡಿರಲಿಲ್ಲ. ಹೆಂಡತಿಯ ಕಥೆಯ ಒಂದು ಪುಟವನ್ನು ಅವನು ಪೂರ್ತಿ ಕೇಳಿದ್ದು ಪ್ರಾಯಶಃ ಅದೇ ಮೊದಲು.

“ದಾಕ್ಷಿ, ಸೋಮವಾರ ಅಮ್ಮ ಬಾಳೆಹಣ್ಣು ತಂದು ಎಲ್ರಿಗೂ ಕೊಡ್ತಿದ್ರಲ್ಲ, ಮಠದ ಪ್ರಸಾದ, ಕಣ್ಣಿಗೊತ್ತಿಕೊಂಡು ತಿನ್ನಿ ಅಂತ. ಅಣ್ಣನ ಮನೆಗೂ ಕಳಿಸ್ತಿದ್ರು. ಮಠದಲ್ಲಿ ಕೊಡೋದು ಪುಟ್ಟಬಾಳೆ. ಅಮ್ಮ ತರ್ತಿದ್ದುದು ಅಂಗಡೀಲಿ ಸಿಗೋ ಪಚ್ಚಬಾಳೆ. ತಿಂತಾನೇ ಇದ್ದೆ. ಒಂದಿನಾನೂ ಕೇಳ್ಲಿಲ್ಲ ನೋಡು.”

ದಾಕ್ಷಾಯಿಣಿ ಅವನನ್ನೇ ನೋಡುತ್ತಾ ಕೂತಳು. ಮಳೆಗಾಲವಿಡೀ ಅವಳು ತಡಕಾಡಿದ್ದು ಇದನ್ನೇ. ಆ ಪಚ್ಚಬಾಳೆಯೊಂದಿದ್ದಿದ್ದರೆ ಕಾರಣ ಹೇಳುವ ಯಾವ ವಾಕ್ಯವೂ ಬೇಕಿರಲಿಲ್ಲ.

“ಮೇಲ್ ವಾಪಸ್ ತರ್ಸೋಕಾಗತ್ತೇನೆ?” ಅಂತ ಮಗಳನ್ನು ಕೇಳಿದಳು.

“ಆಗ್ಲೇ ಹೋಯ್ತಮ್ಮ,” ಅಂದಳು ಲಾಸ್ಯ.