ಹದಿನೆಂಟು ಹೆಬ್ಬೆಟ್ಟಿನ ಅರ್ಜಿ

“ಕಣ್ಣು ಕಾಣಲ್ವೇನೋ ಬೋಳಿಮಗನೆ! ಸದಸ್ಯರು ಓಡಾಡೋ ದಾರೀಲಿ ಕಸದ ಬುಟ್ಟಿ ಹೊತ್ಕೊಂಡು ಮೆರವಣಿಗೆ ಹೊರಟಿದ್ದೀಯಲ್ಲ!”

ಕಟ್ಟಡದ ಮೇಲ್ವಿಚಾರಕರು ಹೀಗೆ ಮಾತಾಡಿಸದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಗೋಡೆಗೆ ಒತ್ತಿಕೊಂಡು ನಿಂತೆ. ಬುಟ್ಟಿಯಲ್ಲಿದ್ದದ್ದು ಸಮಾನತೆಯ ಕರಡು. ಅಂದು ಬೆಳಿಗ್ಗೆ ಅದನ್ನು ಹೊಡೆದುಹಾಕಿ ಬೇರೆ ಬರೆದಿದ್ದರಂತೆ.

ದೇಶಕ್ಕೆ ಹೊಸ ಸಂವಿಧಾನ ಬರೆಯುತ್ತಿದ್ದ ಸಭೆಯಲ್ಲಿ ನಾನು ಕಸ ಗುಡಿಸುವವನು. ಪ್ರತಿ ಸಂಜೆ ಕೋಣೆಕೋಣೆಯ ರದ್ದಿ ಒಟ್ಟುಮಾಡಿ ಹಿತ್ತಲಿನ ಒಲೆಯಲ್ಲಿ ಸುಡಬೇಕು. ಒಂದು ಚೂರೂ ಹೊರಗೆ ಹೋಗಕೂಡದು. ಓದು ಬಾರದವನೆಂದೇ ನನ್ನನ್ನು ಆರಿಸಿದ್ದರು. ಜೀವಮಾನದಲ್ಲಿ ನನ್ನ ಅರ್ಹತೆಯ ಮೇಲೆ ಸಿಕ್ಕ ಕೆಲಸ ಅದೊಂದೇ. ಸಂವಿಧಾನವನ್ನು ನಾನು ಬುಟ್ಟಿಯಿಂದ ಅಳೆಯುತ್ತಿದ್ದೆ. ಅಧ್ಯಕ್ಷರ ಅಧಿಕಾರಕ್ಕೆ ಮೂವತ್ತು ಬುಟ್ಟಿ ರದ್ದಿ ಬಿದ್ದಿತ್ತು. ಕೂಲಿಯವರ ವಿಷಯಕ್ಕೆ ಅರ್ಧ ಬುಟ್ಟಿ, ಅದರಲ್ಲೂ ಕಿತ್ತಳೆ ಸಿಪ್ಪೆಯೇ ಹೆಚ್ಚು.

ಆ ವರ್ಷದ ಮೊದಲಲ್ಲಿ ನಮ್ಮ ಮಗ ಪೇಟೆಯ ಮಲದ ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಹಗ್ಗ ಹಿಡಿದವನು ನಾನೇ. ಎಳೆದಾಗ ಹಗುರವಾಗಿ ಬಂತು, ಹಗ್ಗ ಮಾತ್ರ. ದೇವರ ಚಿತ್ತ ಎಂದೆ.

“ದೇವರು ಇಳಿ ಅಂದಿದ್ನಾ? ಗುತ್ತಿಗೆದಾರ ಅಂದಿದ್ದು,” ಎಂದಳು ನನ್ನ ಹೆಂಡತಿ. ಆಮೇಲೆ ಅವಳು ಅಳಲಿಲ್ಲ.

ಯಾರು ಬೇಕಾದರೂ ಸಭೆಗೆ ಅರ್ಜಿ ಕೊಡಬಹುದೆಂದು ಅವಳೇ ಎಲ್ಲಿಂದಲೋ ಕೇಳಿಕೊಂಡು ಬಂದಳು. ಬೀದಿಯ ಮೇಷ್ಟ್ರ ಕೈಯಲ್ಲಿ ಒಂದು ಸಾಲು ಬರೆಸಿದಳು: ‘ಮನುಷ್ಯರನ್ನು ಮಲದ ಗುಂಡಿಗೆ ಇಳಿಸಕೂಡದು.’ ಕೆಳಗೆ ಹದಿನೆಂಟು ಹೆಬ್ಬೆಟ್ಟು. ಮೊದಲನೆಯದು ಅವಳದು, ಕೊನೆಯದು ನನ್ನದು. ಕೊಡುವ ಗೌರವ ಮಾತ್ರ ನನಗೇ ಬಂತು.

ಕರಡು ಸಮಿತಿಯ ಗುಮಾಸ್ತರು ಕಾಗದವನ್ನು ಅಡಿಪಟ್ಟಿಯ ತುದಿಯಿಂದ ತಮ್ಮ ಕಡೆಗೆ ಎಳೆದುಕೊಂಡರು.

“ಏನಯ್ಯ, ನೀನೂ ಸಂವಿಧಾನ ಬರೀತೀಯಾ?”

“ಒಂದೇ ಸಾಲು ಸ್ವಾಮಿ. ಎಲ್ಲಾದ್ರೂ ಮೂಲೇಲಿ ಜಾಗ ಇದ್ರೆ ಸೇರಿಸ್ಬಿಡಿ.”

“ಕೈ ತೊಳ್ಕೊಂಡು ಒತ್ತಿದ್ದಾರೋ, ಹಾಗೇ ಒತ್ತಿದ್ದಾರೋ?”

“ಸೋಪು ಹಾಕಿ ತೊಳ್ಕೊಂಡಿದ್ರು ಸ್ವಾಮಿ.”

“ಆಯ್ತು, ಹೋಗು. ನೋಡ್ಕೋತೀನಿ.”

ನೋಡಿಕೊಳ್ಳುತ್ತೇನೆ ಎಂದರೆ ನೋಡಿಕೊಳ್ಳುತ್ತಾರೆ ಎಂದು ನಂಬಿದ ಮಹಾನುಭಾವ ನಾನು. ಅಂದಿನಿಂದ ನನ್ನ ನಡಿಗೆಯೇ ಬದಲಾಯಿತು. ಗುತ್ತಿಗೆದಾರ ಎದುರಾದರೆ ಪಾಪ, ಇವನ ದಿನ ಮುಗಿಯಿತಲ್ಲ ಎಂದು ಮರುಗುತ್ತಿದ್ದೆ.

“ನಮ್ಮ ಸಾಲು ಎಲ್ಲೀವರೆಗೆ ಬಂತು ಮಾವ?” ಎಂದು ಬೀದಿಯ ಹುಡುಗರು ಕೇಳುವರು.

“ಒಂದೊಂದು ಪದಕ್ಕೆ ಮೂರ್ಮೂರು ದಿನ ಜಗಳ ಆಡ್ತಾರಪ್ಪ. ನಮ್ದು ನಾಲ್ಕು ಪದ. ತಡೀಬೇಕು.”

“ಕೈಗೆ ಪೊರಕೆ ಕೊಟ್ಟು ಕಳಿಸಿದ್ರೆ ಇವರು ಲೇಖನಿ ಹಿಡ್ಕೊಂಡು ವಾಪಸ್ ಬಂದವ್ರೆ,” ಎಂದು ಹೆಂಡತಿ ಒಳಗಿನಿಂದ ಹೇಳುವಳು. ಆದರೆ ಅವಳೂ ನಂಬಿದ್ದಳು. ಮಗನ ಅಂಗಿಯನ್ನು ಒಗೆದು ಮಡಿಸಿಟ್ಟು, “ಇನ್ಯಾರ ಮನೇಲೂ ಹಿಂಗಾಗಲ್ಲ ಬಿಡಿ,” ಎಂದಿದ್ದಳು.

ಅಂಗೀಕಾರದ ದಿನ ಬಂತು. ಒಳಗೆ ಸದಸ್ಯರು ಒಬ್ಬೊಬ್ಬರಾಗಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು; ಒಂದೊಂದು ಸಹಿಗೂ ಚಪ್ಪಾಳೆ. ಹಿತ್ತಲಲ್ಲಿ ಮಲದ ಗುಂಡಿ ಕಟ್ಟಿಕೊಂಡು, ಕಬ್ಬಿಣದ ಮುಚ್ಚಳದ ಸುತ್ತ ಕಪ್ಪು ನೀರು ಉಕ್ಕತೊಡಗಿತು. ಸಭಾಂಗಣದ ಹಿಂಬಾಗಿಲು ಅಲ್ಲಿಂದ ಹತ್ತೇ ಹೆಜ್ಜೆ.

ಮೇಲ್ವಿಚಾರಕರು ಓಡಿ ಬಂದರು. “ಅಂಗಿ ಬಿಚ್ಚೋ, ಇಳಿ! ಇನ್ನೇನು ರಾಷ್ಟ್ರಗೀತೆ ಶುರುವಾಗುತ್ತೆ!”

ಕಾನೂನು ತಿಳಿಯದವರಿಗೆ ತಿಳಿದವನು ಹೇಳುವಂತೆ, ಮೆಲ್ಲಗೆ ಹೇಳಿದೆ: “ಇವತ್ತಿಂದ ಹಂಗೆಲ್ಲ ಇಳಿಸೋ ಹಾಗಿಲ್ಲ ಸ್ವಾಮಿ. ಪುಸ್ತಕದಲ್ಲಿ ಬರೆದವ್ರೆ. ಬೇಕಾದ್ರೆ ಗುಮಾಸ್ತರನ್ನ ಕೇಳಿ.”

ಗುಮಾಸ್ತರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಬಂದರು. ಕೇಳಿ ನಕ್ಕರು.

“ಆ ಹೆಬ್ಬೆಟ್ಟಿನ ಕಾಗದಾನಾ? ಅವತ್ತೇ ಬುಟ್ಟಿಗೆ ಹಾಕಿದ್ನಲ್ಲಯ್ಯ. ಸುಟ್ಟೋನು ನೀನೇ.”

ನಾನೇ. ಆ ಸಂಜೆ ಚಳಿಯಿತ್ತು. ಒಲೆಯ ಮುಂದೆ ಕುಳಿತು ಕೈ ಕಾಯಿಸಿಕೊಂಡಿದ್ದೆ. ಕಾಯಿಸಿಕೊಳ್ಳುತ್ತಲೇ, ನಮ್ಮ ಅರ್ಜಿ ದೊಡ್ಡವರ ಕಣ್ಣಿಗೆ ಬೀಳುವಂತೆ ಮಾಡು ದೇವರೇ ಎಂದು ಬೇಡಿಕೊಂಡಿದ್ದೆ.

ಮುಚ್ಚಳದ ಮೇಲೆಯೇ ಕುಳಿತುಬಿಟ್ಟೆ. ಅದನ್ನು ಹೋರಾಟವೆಂದು ಯಾರೂ ತಿಳಿಯಬಾರದು, ನಿಲ್ಲಲಾಗಲಿಲ್ಲ, ಅಷ್ಟೇ.

“ಏಳೋ ಸೂಳೆಮಗನೆ! ಮುಚ್ಚಳ ತೆಗೀಬೇಕು!”

ಏಳಬೇಕೆಂದೇ ಇದ್ದೆ. ಆದರೆ ಮುಚ್ಚಳದ ಅಡಿಯಲ್ಲಿ ಗುಳುಗುಳು ಸದ್ದು ಕೇಳಿತು, ಮಗ ಇಳಿದ ದಿನ ಕೇಳಿದ್ದೇ.

“ಏಳಲ್ಲ ಸ್ವಾಮಿ,” ಎಂದೆ. ಯಾರು ಹೀಗೆಂದವರು ಎಂದು ನಾನೇ ಒಮ್ಮೆ ಹಿಂದೆ ತಿರುಗಿ ನೋಡಿದೆ.

ಅಂದಿನ ಸಮಾರಂಭಕ್ಕೆಂದು ಕೂಲಿಗೆ ಬಂದು ಮೆಟ್ಟಿಲು ಒರೆಸುತ್ತಿದ್ದ ನನ್ನ ಹೆಂಡತಿ ಗಲಾಟೆ ಕೇಳಿ ಬಕೆಟ್ಟು ಬಿಟ್ಟು ಬಂದಳು. “ಏನಾಯ್ತ್ರೀ?”

“ನಮ್ಮ ಸಾಲು ನಾನೇ ಸುಟ್ಟೆ ಕಣೆ.”

ಅವಳು ಗುಮಾಸ್ತರನ್ನು ನೋಡಿದಳು, ನೀರನ್ನು ನೋಡಿದಳು, ಬಹಳ ಹೊತ್ತು ನನ್ನನ್ನು ನೋಡಿದಳು. ಹೊಡೆಯುತ್ತಾಳೆಂದು ಕೆನ್ನೆಯನ್ನು ಗಟ್ಟಿಮಾಡಿಕೊಂಡೆ.

“ಸರೀರಿ ಆ ಕಡೆ,” ಎಂದು ನನ್ನ ಪಕ್ಕ ಕುಳಿತಳು.

“ಯಾರಾದ್ರೂ ಬರ್ರೋ ಇಲ್ಲಿ!” ಎಂದು ಮೇಲ್ವಿಚಾರಕರು ಕೂಗಿದರು. ಬರುವವರು ಯಾರೂ ಇರಲಿಲ್ಲ. ಗುಂಡಿಗೆ ಇಳಿಯಬಲ್ಲ ಇಬ್ಬರೂ ಅದರ ಮೇಲೆ ಕುಳಿತಿದ್ದೆವು.

ಅಷ್ಟರಲ್ಲಿ ಒಳಗೆ ರಾಷ್ಟ್ರಗೀತೆ ಮೊದಲಾಯಿತು. ಮೇಲ್ವಿಚಾರಕರೂ ಗುಮಾಸ್ತರೂ ಇದ್ದಲ್ಲೇ ಕೈ ಇಳಿಬಿಟ್ಟು, ಎದೆ ಸೆಟೆದು ನಿಂತರು. ನೀರು ಅವರ ಬೂಟನ್ನು ಸುತ್ತಿಕೊಂಡು, ಹೊಸ್ತಿಲು ದಾಟಿ ಕೆಂಪು ಜಮಖಾನೆಯ ಕಡೆಗೆ ಹೊರಟಿತು. ಅಲ್ಲಾಡುವಂತಿಲ್ಲ, ಇಬ್ಬರೂ ಕಣ್ಣಲ್ಲೇ ಅದನ್ನು ಹಿಂಬಾಲಿಸಿದರು.

ರೂಢಿಯಂತೆ ನಾನೂ ಏಳಹೋದೆ. ಅವಳು ನನ್ನ ಅಂಗಿಯ ತುದಿ ಹಿಡಿದು ಜಗ್ಗಿದಳು.

“ಎದ್ರೆ ಮುಚ್ಚಳ ತೆಗೀತಾರೆ. ಕೂತ್ಕೊಳ್ಳಿ.”