ಉಪ್ಪಿನ ಡಬ್ಬಿಯ ಗಡಿಯಾರ

ಬೆಳಿಗ್ಗೆ ಹಾಲನ್ನು ಒಲೆಯ ಮೇಲಿಟ್ಟು, ಪುಡಿಯುಪ್ಪಿನ ಪ್ಯಾಕೆಟ್ ಕತ್ತರಿಸಿ, ತೊಳೆದು ಬೋರಲು ಹಾಕಿದ್ದ ಪ್ಲಾಸ್ಟಿಕ್ ಡಬ್ಬಿಗೆ ಸುರಿದೆ. ಮೇಲಿನ ಹಲಗೆಗೆ ಇಡೋಣವೆಂದು ಡಬ್ಬಿ ಎತ್ತಿದರೆ ಪಾದದ ಮೇಲೆ ಏನೋ ಸಳಸಳ ಅಂದಿತು. ಬಗ್ಗಿ ನೋಡಿದೆ. ಡಬ್ಬಿಯ ತಳದಿಂದ ಉಪ್ಪು ಬಿಳಿ ದಾರದ ಹಾಗೆ ಇಳಿಯುತ್ತಿತ್ತು. ತಳದ ನಟ್ಟನಡುವೆ ಅಚ್ಚುಕಟ್ಟಾದ ಒಂದು ತೂತು.

"ಅಮ್ಮಾ, ಇಳಿಸಬೇಡ! ಹಾಗೇ ಹಿಡ್ಕೊಂಡಿರು!"

ಇಷ್ಟು ದೊಡ್ಡ ದನಿ ನಮ್ಮ ಮನೆಯಲ್ಲಿ ಯಾರದ್ದೆಂದು ಒಂದು ಕ್ಷಣ ನನಗೇ ತಿಳಿಯಲಿಲ್ಲ. ಮಗಳದ್ದು! ಐದನೇ ತರಗತಿಯ ಈ ಹುಡುಗಿ ಮಾತಾಡಿದರೆ ಮುತ್ತು ಉದುರೀತು ಎನ್ನುವ ಹಾಗಿರುತ್ತಾಳೆ. ಅವಳಪ್ಪ ಮುದ್ದಿನಿಂದ ಕರೆಯುವುದೇ ಗುಮ್ಮನಗುಸುಕಿ ಎಂದು. ಅವಳು ಕೆಮ್ಮಿನ ಔಷಧಿಯ ಮುಚ್ಚಳ ಹಿಡಿದು ಓಡಿಬಂದು ಉಪ್ಪಿನ ಧಾರೆಯ ಕೆಳಗೆ ಕುಕ್ಕರಗಾಲಲ್ಲಿ ಕೂತಳು. ಒಂದು, ಎರಡು, ಮೂರು ಎಂದು ಎಣಿಸುವುದು, ಮುಚ್ಚಳ ತುಂಬಿದರೆ ಬೋಗುಣಿಗೆ ಸುರಿಯುವುದು, ಮತ್ತೆ ಎಣಿಸುವುದು.

"ಲೇ, ತೂತು ಮಾಡಿದ್ದು ನೀನೇನಾ?"

"ಹ್ಞೂಂ. ಶಾಲೆ ಸ್ಪರ್ಧೆಯ ನೀರಿನ ಗಡಿಯಾರಕ್ಕೆ. ಅಲ್ಲಾಡಬೇಡಮ್ಮ."

ಕಾಲು ಗಂಟೆ ಗೂಟದ ಹಾಗೆ ನಿಂತೆ. ಹಾಲು ಉಕ್ಕಿ ಒಲೆ ತೊಳೆಯಿತು. ಕೈ ಸೋತಿತು. ಕೊನೆಗೆ ಅವಳು ಎದ್ದು, "ಮೊದಲನೇ ಮುಚ್ಚಳಕ್ಕೂ ಇಪ್ಪತ್ತು, ಕೊನೇ ಮುಚ್ಚಳಕ್ಕೂ ಇಪ್ಪತ್ತು" ಎಂದು ಸಮಾಧಾನದಿಂದ ಹೇಳಿ ಹಲ್ಲುಜ್ಜಲು ಹೋದಳು. ಹಾಲನ್ನು ಯಾರೂ ವಿಚಾರಿಸಲಿಲ್ಲ.

ನನಗೆ ಬೈಯಲು ಮನಸ್ಸೇ ಬರಲಿಲ್ಲ, ಅದಕ್ಕೆ ಕಾರಣವಿದೆ. ಮೂರನೇ ತರಗತಿಯಲ್ಲಿ ಇವಳು ಒಮ್ಮೆ ಎದ್ದು ನಿಂತು, "ಟೀಚರ್, ಮೀನಿಗೆ ಬಾಯಾರಿಕೆ ಆಗುತ್ತಾ?" ಎಂದು ಕೇಳಿದ್ದಳಂತೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಒಂದು ತಿಂಗಳು ಇವಳ ಹೆಸರೇ 'ಮೀನು' ಆಗಿಹೋಯಿತು. ಅಲ್ಲಿಂದಾಚೆಗೆ ಇವಳು ಯಾರನ್ನೂ ಏನೂ ಕೇಳಿಲ್ಲ. ಪ್ರಶ್ನೆ ಹುಟ್ಟಿದೊಡನೆ ಜಡೆಯ ತುದಿ ಬಾಯಿಗೆ ಹೋಗುತ್ತದೆ, ಪ್ರಶ್ನೆ ಹೊಟ್ಟೆಗೆ ಹೋಗುತ್ತದೆ. ಪ್ರಗತಿ ಪತ್ರದಲ್ಲಿ 'ತುಂಬಾ ಶಾಂತ ಹುಡುಗಿ' ಎಂದು ಬರೆದಿದ್ದರು. ಮೊದಲ ಸಲ ಓದಿ ಹಿಗ್ಗಿದ್ದೆ. ಈಗ ಆ ಸಾಲು ಕಂಡರೆ ಪತ್ರ ಮಡಚಿಟ್ಟುಬಿಡುತ್ತೇನೆ.

ಅವಳಪ್ಪನ ಚಿಂತೆ ಬೇರೆ. ಶಾಲೆಯ ವಿಜ್ಞಾನ ಮಾದರಿ ಸ್ಪರ್ಧೆಗೆ ಇನ್ನೂ ಎರಡು ದಿನವಿರುವಾಗಲೇ ಅವರು ಹೊಲಿಗೆ ಯಂತ್ರದ ಪಕ್ಕದ ಗೂಡಿನಿಂದ ದಾರದ ಉಂಡೆಗಳನ್ನೆಲ್ಲ ತೆಗೆದು ಒರೆಸಿಟ್ಟಿದ್ದರು.

"ಅದೇನ್ರೀ ಅಲ್ಲಿ, ಖಾಲಿ?"

"ಕಪ್ ಬರುತ್ತಲ್ಲ, ಅದಕ್ಕೆ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಿದ್ದೀರಿ."

"ದರ್ಜಿ ಅಲ್ವೇನೇ, ಹೊಲಿಯದೇ ಇರ್ತೀನಾ?"

ಸಂಜೆ ಅವರೇ ಟೇಪು ಹಿಡಿದು ಡಬ್ಬಿಗೆ ಗೆರೆ ಹಾಕಿದರು. ಡಬ್ಬಿಯ ನೀರು ಖಾಲಿಯಾಗುವ ಐದು ನಿಮಿಷಕ್ಕೆ ಐದು ಮನೆ, ಎಲ್ಲವೂ ಒಂದೇ ಅಳತೆ. ಡಬ್ಬಿಯನ್ನು ಎರಡು ಸ್ಟೂಲುಗಳ ನಡುವೆ ನಿಲ್ಲಿಸಿ ನೀರು ತುಂಬಿ, ಗೋಡೆ ಗಡಿಯಾರ ನೋಡುತ್ತ ಕೂತೆವು. ಮೊದಲನೇ ಮನೆ ಅರ್ಧ ನಿಮಿಷಕ್ಕೇ ಖಾಲಿ! ಕೊನೆಯದಕ್ಕೆ ಎರಡು ನಿಮಿಷಕ್ಕೂ ಹೆಚ್ಚು.

"ಅಪ್ಪಾ, ಗೆರೆ ಸರಿ ಇಲ್ಲ."

"ಏನಂದೆ? ಇಪ್ಪತ್ತು ವರ್ಷದಿಂದ ಊರಿನವರ ಹೊಟ್ಟೆ ಅಳೀತಿರೋ ಟೇಪು ಇದು. ಹೊಟ್ಟೆಗಳು ಸುಳ್ಳು ಹೇಳಿರಬಹುದು, ಟೇಪು ಹೇಳಿಲ್ಲ."

ಅವಳು ಗೆರೆಗಳನ್ನು ಒರೆಸಿದಳು. ಮತ್ತೆ ನೀರು ತುಂಬಿ, ಪ್ರತಿ ನಿಮಿಷಕ್ಕೂ ನೀರು ಎಲ್ಲಿ ಇರುತ್ತದೋ ಅಲ್ಲಿ ತಾನೇ ಗೆರೆ ಎಳೆದಳು. ಮೊದಲ ನಿಮಿಷದ ಮನೆ ಮೂರು ಬೆರಳಷ್ಟು ಅಗಲ, ಕೊನೆಯದು ಉಗುರಿನಷ್ಟು. ಅವಳಪ್ಪ ತಲೆ ಚಚ್ಚಿಕೊಂಡರು. "ಹೊಸದಾಗಿ ಕೆಲಸಕ್ಕೆ ಸೇರಿದವನ ಗುಂಡಿ ಕಾಜಾ ಥರ ಇದೆ! ನೀಟಾಗಿಲ್ಲದಿದ್ರೆ ಕಪ್ ಯಾರು ಕೊಡ್ತಾರೆ? ಸಮನಾಗಿ ಹಾಕ್ಕೊಂಡು ಹೋಗು ಪುಟ್ಟಿ. ಅಲ್ಲಿ ಐದು ನಿಮಿಷ ನಿಂತು ನೋಡೋರು ಯಾರಿದ್ದಾರೆ?"

"ಆದ್ರೆ ಅದು ಟೈಮ್ ತೋರಿಸಲ್ಲ ಅಪ್ಪಾ."

ಹೀಗೆಂದವಳು ಉಪ್ಪಿನ ಬೋಗುಣಿಯ ಕಡೆ ನೋಡಿದಳು, ಡಬ್ಬಿಯ ಕಡೆ ನೋಡಿದಳು. ಜಡೆ ಬಾಯಿಗೆ ಹೋಯಿತು.

"ಏನೋ ಕೇಳಬೇಕು ಅಂತಿದ್ದೀಯಾ ಕಂದಾ?"

"ಏನಿಲ್ಲ."

ಟೀಚರ್ ಬೇರೆ ಹೇಳಿ ಕಳಿಸಿದ್ದರು: ತೀರ್ಪುಗಾರರು ಕೇಳಿದ್ದಕ್ಕೆ ಪಟಪಟ ಉತ್ತರ ಹೇಳಬೇಕು, 'ಗೊತ್ತಿಲ್ಲ' ಅಂದರೆ ಐದು ಅಂಕ ಹೋಯಿತು. ಒಂದು ಹಾಳೆಯಲ್ಲಿ ಹತ್ತು ಪ್ರಶ್ನೆ, ಹತ್ತು ಉತ್ತರ ಬರೆದೂ ಕೊಟ್ಟಿದ್ದರು. ನಾನು ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತ ಅದನ್ನೇ ಅವಳಿಂದ ಒಪ್ಪಿಸಿಕೊಂಡೆ. ಹತ್ತಕ್ಕೆ ಹತ್ತೂ ಸರಿ. ಆದರೆ ಅವಳ ಬಾಯಲ್ಲಿದ್ದದ್ದು ಆ ಹಾಳೆಯಲ್ಲಿ ಇರಲಿಲ್ಲವೆಂದು ನನಗೆ ಗೊತ್ತಿತ್ತು. ಅದೇನೆಂದು ಮಾತ್ರ ಗೊತ್ತಿರಲಿಲ್ಲ.

ಸ್ಪರ್ಧೆಯ ದಿನ ಶಾಲೆಯ ಸಭಾಂಗಣದಲ್ಲಿ ಮೂವತ್ತು ಮೇಜು. ಎಡಗಡೆ ಮೇಜಿನಲ್ಲಿ ಬೆಂಕಿಯುಗುಳುವ ಬೆಟ್ಟ, ಬಲಗಡೆ ಮಿಣಮಿಣ ದೀಪಗಳ ರಾಕೆಟ್. ನಡುವೆ ನಮ್ಮ ಉಪ್ಪಿನ ಡಬ್ಬಿ. ದಪ್ಪ ಕನ್ನಡಕದ ತೀರ್ಪುಗಾರರು ಬಂದರು. ಹಾಳೆಯಲ್ಲಿದ್ದ ಮೂರು ಪ್ರಶ್ನೆ ಕೇಳಿದರು, ಇವಳು ಗಿಳಿಯ ಹಾಗೆ ಒಪ್ಪಿಸಿದಳು. ಅವಳಪ್ಪ ನನ್ನ ಕಿವಿಯಲ್ಲಿ, "ಗೂಡಿಗೆ ಒಂದು ಗಾಜಿನ ಬಾಗಿಲು ಮಾಡಿಸೋಣ" ಎಂದರು.

ತೀರ್ಪುಗಾರರು ಹೊರಡುವವರು ಡಬ್ಬಿಯತ್ತ ಬಗ್ಗಿದರು. "ಗೆರೆ ಮೇಲೆ ಅಗಲ, ಕೆಳಗೆ ಇಕ್ಕಟ್ಟು. ಯಾಕಮ್ಮಾ ಹೀಗೆ?"

"ಕೊನೆಕೊನೆಗೆ ನೀರು ನಿಧಾನ ಆಗುತ್ತೆ ಸರ್. ನಿಮಿಷ ನೋಡಿಯೇ ಹಾಕಿದ್ದು."

"ಅದೇ, ಯಾಕೆ ನಿಧಾನ ಆಗುತ್ತೆ?"

ಜಡೆ ಬಾಯಿಗೆ ಹೋಯಿತು. ಅವಳಪ್ಪ ಹಿಂದಿನಿಂದ, "ಡಿಸೈನ್ ಅಂತ ಹೇಳು, ಡಿಸೈನ್!" ಎಂದು ಪಿಸುಗುಟ್ಟಿದರು. ನಾನು ಅವರ ತೋಳು ಚಿವುಟಿದೆ. ರಾಕೆಟ್ಟಿನ ಹುಡುಗರು ಕಿಸಕ್ಕನೆ ನಕ್ಕರು. ಅವರಲ್ಲೊಬ್ಬ, "ಮೀನು, ಮೀನು" ಎಂದ.

"ಗೊತ್ತಿಲ್ಲ ಸರ್" ಎಂದಳು ನನ್ನ ಮಗಳು.

ತೀರ್ಪುಗಾರರ ಪೆನ್ನು ಹಾಳೆಯ ಮೇಲೆ ಏನೋ ಗೀಚಿತು. ಐದು ಅಂಕ. ಪಕ್ಕದಲ್ಲಿ ಅವಳಪ್ಪನ ಉಸಿರು ಗಾಳಿ ಬಿಟ್ಟ ಬಲೂನಿನ ಹಾಗೆ ಹೊರಬಂತು. ತೀರ್ಪುಗಾರರು ರಾಕೆಟ್ಟಿನ ಕಡೆ ಒಂದು ಹೆಜ್ಜೆ ಇಟ್ಟರು. ನಾನು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ. ಕಪ್ ಬೇಡ, ಗೂಡಿಗೆ ದಾರದುಂಡೆಗಳೇ ಚೆಂದ. ಜಡೆ ಬಾಯಿಂದ ಹೊರಗೆ ಬಂದರೆ ಸಾಕು.

ಬಂತು. ತುದಿ ಒದ್ದೆಯಾಗಿತ್ತು.

"ಸರ್, ಒಂದ್ನಿಮಿಷ. ಇದೇ ಡಬ್ಬೀಲಿ, ಇದೇ ತೂತಲ್ಲಿ ಉಪ್ಪು ಕೊನೇವರೆಗೂ ಒಂದೇ ಸಮ ಸುರೀತು. ನಮ್ಮಮ್ಮನೇ ಡಬ್ಬಿ ಹಿಡ್ಕೊಂಡಿದ್ರು, ಬೇಕಾದ್ರೆ ಕೇಳಿ. ಹಾಗಾದ್ರೆ ನೀರು ಮಾತ್ರ ಯಾಕೆ ಸರ್ ನಿಧಾನ ಆಗುತ್ತೆ?"